ರಜೆಯನ್ನು ಗಂಟೆ ಲೆಕ್ಕದಲ್ಲಿ ಕೊಟ್ಟು ನೋಡಿದೆವು

ನಡುಹೊತ್ತಿನಲ್ಲಿ ಟೈಲರ್‌ಗಳನ್ನು ಹೊರಗೆ ಬಿಟ್ಟರೆ ಶಿಪ್‌ಮೆಂಟ್ ಕತೆ ಮುಗೀತು ಎಂದು ಪ್ರೊಡಕ್ಷನ್‌ನವರು ನಕ್ಕಿದ್ದರು. ಎರಡು ವರ್ಷವಾಯಿತು, ಲೈನ್ ಓಡುತ್ತಲೇ ಇದೆ.

ನಮ್ಮದು ಎರಡು ಲೈನಿನ ಶರ್ಟ್ ಹೊಲಿಯುವ ಯೂನಿಟ್, ಸುಮಾರು 70 ಜನ, ಬಹುಪಾಲು ಹೆಣ್ಣುಮಕ್ಕಳು. 20 ದಿನಕ್ಕೆ 1ರಂತೆ ಬರುವ ಗಳಿಕೆ ರಜೆ ಕಾನೂನಿನದು, ಮುಟ್ಟಲಿಲ್ಲ. ಕಂಪನಿಯ 12 ಸಿಎಲ್ (ಸಾಂದರ್ಭಿಕ ರಜೆ) ಮಾತ್ರ ಒಡೆದು 96 ಗಂಟೆ ಮಾಡಿದೆವು. ರೇಷನ್, ಅಂಗನವಾಡಿ, ಅತ್ತೆಯ ಬಿಪಿ ತಪಾಸಣೆ: ಎರಡು ಗಂಟೆಯ ಕೆಲಸಕ್ಕೆ ಇಡೀ ದಿನ ಹೋಗುತ್ತಿತ್ತು.

ಮೊದಲು ಒಂದೊಂದು ಗಂಟೆ, ಯಾವಾಗ ಬೇಕಾದರೂ ಎಂದೆವು. ಕೆಟ್ಟಿತು. 11:20ಕ್ಕೆ ಎದ್ದವಳ ಮೆಷಿನ್ ಮೇಲೆ ಅರ್ಧ ಹೊಲಿದ ಕಾಲರ್ ಬಂಡಲ್. ಬದಲಿಗೆ ಕೂತವಳು ಬಿಚ್ಚಿ ಎಣಿಸಬೇಕು, ದಾರದ ಟೆನ್ಷನ್ ಅವಳ ಕೈಗೆ ಹೊಂದದು, ಸಂಜೆಗೆ ಬಿಚ್ಚಿ ಮತ್ತೆ ಹೊಲಿಯಬೇಕಾದ ಆಲ್ಟ್ರೇಷನ್ ರಾಶಿ. ಈಗ ಎರಡು ಗಂಟೆಯ ತುಂಡು ಮಾತ್ರ: 9, 11, 1:30, 3:30. ಟೀ, ಊಟದ ಬೆಲ್ಲಿಗೇ ಏಳಬೇಕು. ಮುಗಿದ ಪೀಸಿನ ಸಂಖ್ಯೆ ಬಂಡಲ್ ಟಿಕೆಟ್ ಮೇಲೆ, ಪಕ್ಕದಲ್ಲಿ ಸೂಪರ್‌ವೈಸರ್ ಸಹಿ.

ಎರಡನೆಯ ಪೆಟ್ಟು ಹಾಜರಿ ಬೋನಸ್‌ನದು. ತಿಂಗಳಿಗೆ 800 ರೂಪಾಯಿ ಹೋಗುತ್ತದೆಂದು ಯಾರೂ ಗಂಟೆ ರಜೆ ಮುಟ್ಟಲೇ ಇಲ್ಲ. ಹೇಳದೆ ಕೇಳದೆ ತಪ್ಪಿಸಿಕೊಂಡರೆ ಮಾತ್ರ ಕಡಿತ ಎಂದು ಬದಲಿಸಿದ ಮೇಲೆ ರಜೆ ಚೀಟಿಗಳು ಬಂದವು.

ಬಿಟ್ಟ ಗಂಟೆಯನ್ನು ಇನ್ನೊಂದು ದಿನ ತುಂಬಿಸಿಕೊಳ್ಳಿ ಎಂದೂ ನೋಡಿದೆವು. ಆಗ ದಿನಕ್ಕೆ 9 ಗಂಟೆ ದಾಟಿದ ಕೂಡಲೇ ಓಟಿ, ಡಬಲ್ ಕೂಲಿ ಕೊಡಬೇಕಿತ್ತು. ಮೊದಲ ವಾರದ ಬಿಲ್ ನೋಡಿ ಕೈಬಿಟ್ಟೆವು. 2025ರಲ್ಲಿ ಕರ್ನಾಟಕ ಸರ್ಕಾರ ತಂದ ತಿಂಗಳಿಗೊಂದು ಋತುಚಕ್ರ ರಜೆಯನ್ನು ಈ 96ರಲ್ಲಿ ಬೆರೆಸಬೇಡಿ. ಮಸ್ಟರ್‌ನಲ್ಲಿ (ಹಾಜರಿ ಪುಸ್ತಕದಲ್ಲಿ) ಬೇರೆ ಕಾಲಂ ಹಾಕಿ.

ನಿಜವಾದ ಖರ್ಚು ಫ್ಲೋಟರ್, ಅಂದರೆ ಎದ್ದುಹೋದವಳ ಮೆಷಿನ್‌ಗೆ ಕೂರುವ ಬದಲಿ ಟೈಲರ್. ಲೈನಿಗೊಬ್ಬಳು, ಇಬ್ಬರಿಗೆ ಪಿಎಫ್, ಇಎಸ್‌ಐ ಸೇರಿ ತಿಂಗಳಿಗೆ 34 ಸಾವಿರದ ಆಸುಪಾಸು. ಮಾಲೀಕರು ಇಲ್ಲೇ ತಕರಾರು ತೆಗೆದದ್ದು. ಆದರೆ ಗೈರುಹಾಜರಿ ನೂರಕ್ಕೆ 11–12 ಇದ್ದದ್ದು 7ಕ್ಕೆ ಇಳಿಯಿತು, ಶಿಪ್‌ಮೆಂಟ್ ವಾರದ ಓಟಿ ಅರ್ಧವಾಯಿತು. ಹೊರಗಿನಿಂದ ತರಬೇಡಿ, ಚುರುಕಾದ ಹೆಲ್ಪರ್‌ಗೇ ಕಲಿಸಿ. ಕಫ್ ಎರಡು ವಾರ, ತೋಳು ಜೋಡಣೆ ಮೂರು, ಕಾಲರ್‌ಗೆ ತಿಂಗಳಾದರೂ ಬೇಕು.

ವರಮಹಾಲಕ್ಷ್ಮಿ ವಾರ ಎಲ್ಲರೂ ಒಂದೇ ತುಂಡು ಕೇಳುತ್ತಾರೆ. ಅದನ್ನು ಹಂಚುವ ಲೆಕ್ಕ ನಮ್ಮಲ್ಲೇ ಇರಲಿ. ಚೀಟಿ ಎತ್ತುವುದಂತೂ ಅಲ್ಲ, ಅದರಿಂದ ಜಗಳವೇ ಹೆಚ್ಚಿತು. ಒಳ್ಳೆಯ ಫ್ಲೋಟರ್‌ಗಳನ್ನು ಪಕ್ಕದ ಯೂನಿಟ್‌ನವರು ಎಳೆಯುತ್ತಾರೆ. ಒಬ್ಬಳು ಹಾಗೇ ಹೋದ ಮೇಲೆ ಈಗ 700 ರೂಪಾಯಿ ಹೆಚ್ಚಿಗೆ ಕೊಡುತ್ತಿದ್ದೇವೆ.