ಆರ್‌ವಿಯಲ್ಲಿ ಗ್ಯಾಸ್ ವಾಸನೆ ಬಂದರೆ ಮೊದಲು ಏನು ಮಾಡಬೇಕು?

ಬೇಸಿಗೆ ರಜೆ ಬಂತೆಂದರೆ ಅಮೆರಿಕದಲ್ಲಿರುವ ನಮ್ಮವರು ಎರಡು ಮೂರು ಮನೆಯವರು ಸೇರಿ ಒಂದು ಮೋಟರ್‌ಹೋಮ್, ಅಂದರೆ ಒಳಗೇ ಅಡುಗೆಮನೆ, ಮಲಗುವ ಜಾಗ ಎಲ್ಲ ಇರುವ ಗಾಡಿ (ಇಂಥವನ್ನೇ ಆರ್‌ವಿ ಅನ್ನುವುದು), ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನಿಯನ್ ಅಂತ ಹೊರಟುಬಿಡುತ್ತಾರೆ. ಊರಿಂದ ಬಂದ ಅಪ್ಪ ಅಮ್ಮನೂ ಜೊತೆಗಿರುತ್ತಾರೆ. ಗಾಡಿ ಕೊಡುವವರು ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡುವುದನ್ನು ಎರಡೆರಡು ಸಲ ಹೇಳಿಕೊಡುತ್ತಾರೆ, ಒಲೆ, ಹೀಟರ್ ಉರಿಸುವ ಪ್ರೊಪೇನ್ ಗ್ಯಾಸಿನ ವಿಷಯಕ್ಕೆ ಬಂದಾಗ ಮಾತ್ರ ‘ವಾಲ್ವ್ ಇಲ್ಲಿದೆ ನೋಡಿ’ ಅಂತ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಅಲ್ಲೇ ಅವರನ್ನು ನಿಲ್ಲಿಸಿ. ಆ ವಾಲ್ವನ್ನು ನೀವೇ ಕೈಯಾರೆ ಒಂದು ಸಲ ಮುಚ್ಚಿ, ತೆರೆದು ನೋಡಿ. ಕತ್ತಲಲ್ಲಿ ವಾಸನೆ ಬಂದಾಗ ಬಗ್ಗಿ ಹುಡುಕುತ್ತಾ ಕೂರುವ ಹೊತ್ತಲ್ಲ ಅದು.

ನಮಗೆ ಊರಿನ 14.2 ಕೆ.ಜಿ. ಸಿಲಿಂಡರ್‌ನ ಅಭ್ಯಾಸ. ವಾಸನೆ ಬಂದರೆ ರೆಗ್ಯುಲೇಟರ್ ಆಫ್ ಮಾಡಿ ಕಳಚು, ಸೇಫ್ಟಿ ಕ್ಯಾಪ್ ಹಾಕು, ಸಿಲಿಂಡರ್ ಅಂಗಳಕ್ಕೆ ಎತ್ತಿಡು, 1906ಕ್ಕೆ ಫೋನ್ ಮಾಡು. ಮೋಟರ್‌ಹೋಮಿನಲ್ಲಿ ಇದು ನಡೆಯುವುದಿಲ್ಲ. ಅದರ ಟ್ಯಾಂಕನ್ನು ಗಾಡಿಯ ಚಾಸಿಗೇ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಎತ್ತಿ ಹೊರಗಿಡಲು ಆಗುವುದಿಲ್ಲ. ಕಾರಿನ ಹಿಂದೆ ಎಳೆದುಕೊಂಡು ಹೋಗುವ ಟ್ರೈಲರ್‌ಗಳಲ್ಲಿ ಮಾತ್ರ ಕಳಚುವ ಸಿಲಿಂಡರ್ ಇರುತ್ತದೆ. ಅಂದರೆ ಮೋಟರ್‌ಹೋಮಿನಲ್ಲಿ ಗ್ಯಾಸನ್ನು ಹೊರಗೆ ಹಾಕುವ ದಾರಿ ಇಲ್ಲ, ನಾವೇ ಹೊರಗೆ ಬರಬೇಕು.

ವಾಸನೆ ಬಂದ ಕೂಡಲೇ

ಪ್ರೊಪೇನ್‌ಗೆ ತನ್ನದೇ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಬ್ಬು ವಾಸನೆಯ ರಾಸಾಯನಿಕ ಬೆರೆಸುತ್ತಾರೆ. ಕೊಳೆತ ಮೊಟ್ಟೆ, ಕೊಳೆತ ಎಲೆಕೋಸಿನ ವಾಸನೆ ಅನ್ನುತ್ತಾರಲ್ಲ, ಅದೇ. ಮೂಗಿಗೆ ಅದು ಬಡಿದ ತಕ್ಷಣ ಒಲೆಯ ಉರಿ ಇದ್ದರೆ ಆರಿಸಿ, ಎಲ್ಲರನ್ನೂ ಕೆಳಗಿಳಿಸಿ. ನಾಯಿ ಇದ್ದರೆ ಅದನ್ನೂ. ಬಾಗಿಲು ತೆರೆದೇ ಇರಲಿ. ಕಿಟಕಿ ದಾರಿಯಲ್ಲೇ ಕೈಗೆ ಸಿಕ್ಕರೆ ತೆರೆಯಿರಿ, ಅದಕ್ಕಾಗಿ ಒಳಗೆ ಓಡಾಡಬೇಡಿ. ಪರ್ಸು, ಪಾಸ್‌ಪೋರ್ಟು ಅಂತ ಅಮ್ಮ ಮತ್ತೆ ಒಳಗೆ ಹೋಗದಂತೆ ಒಬ್ಬರು ಬಾಗಿಲ ಬಳಿ ತಡೆಯಿರಿ.

ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಆನ್ ಮಾಡುವುದಷ್ಟೇ ಅಲ್ಲ, ಆಫ್ ಮಾಡಿದರೂ ಕಿಡಿ ಹಾರುತ್ತದೆ. ಗ್ಯಾಸ್ ಹೊರಗೆ ಹೋಗಲಿ ಅಂತ ಎಕ್ಸಾಸ್ಟ್ ಫ್ಯಾನ್ ಹಾಕುವವರಿದ್ದಾರೆ, ಅದರಷ್ಟು ಕೆಟ್ಟ ಉಪಾಯ ಇನ್ನೊಂದಿಲ್ಲ. ಒಳಗೆ ನಿಂತು ಫೋನ್ ಮಾಡಬೇಡಿ. ಗಾಡಿ ಸ್ಟಾರ್ಟ್ ಮಾಡಿ ದೂರ ನಿಲ್ಲಿಸೋಣ ಅನ್ನುವ ಯೋಚನೆಯೂ ಬೇಡ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಆರ್‌ವಿಯಲ್ಲಿ ನಾವು ಮುಟ್ಟದಿದ್ದರೂ ತಾವಾಗಿಯೇ ಹತ್ತಿಕೊಳ್ಳುವ ಸಾಮಾನುಗಳಿವೆ. ಗ್ಯಾಸ್‌ನಿಂದ ನಡೆಯುವ ಫ್ರಿಜ್, ನೀರು ಕಾಯಿಸುವ ಹೀಟರ್, ಚಳಿಗೆ ಹಾಕುವ ಫರ್ನೇಸ್, ಇವೆಲ್ಲ ಬೇಕೆನಿಸಿದಾಗ ತಾವೇ ಟಿಕ್ ಟಿಕ್ ಅಂತ ಕಿಡಿ ಹಾರಿಸಿ ಉರಿ ಹಚ್ಚಿಕೊಳ್ಳುತ್ತವೆ. ಹಾಗಾಗಿ ‘ಒಂದು ನಿಮಿಷ ನೋಡೋಣ, ವಾಸನೆ ಹೋಗಬಹುದು’ ಅಂತ ಒಳಗೆ ಕೂರುವುದಕ್ಕೆ ಅರ್ಥವೇ ಇಲ್ಲ.

ಹೊರಗೆ ಬಂದ ಮೇಲೆ ಟ್ಯಾಂಕಿನ ವಾಲ್ವ್. ಸಾಮಾನ್ಯವಾಗಿ ಗಾಡಿಯ ಪಕ್ಕದಲ್ಲಿ ಕೆಳಗೆ ಒಂದು ಸಣ್ಣ ಬಾಗಿಲಿನ ಹಿಂದೆ ಇರುತ್ತದೆ. ಬೆಂಕಿ ಇಲ್ಲ, ಜೋರಾಗಿ ಬುಸ್ ಅನ್ನುವ ಸದ್ದಿಲ್ಲ, ಬಿಳಿ ಹೊಗೆಯಂಥ ಮಂಜು ಕಾಣುತ್ತಿಲ್ಲ ಅಂದರೆ ಮಾತ್ರ ಹತ್ತಿರ ಹೋಗಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಪೂರ್ತಿ ತಿರುಗಿಸಿ ಮುಚ್ಚಿ. ಮಂಜು ಕಂಡರೆ ಕೈ ಹಾಕಲೇಬೇಡಿ. ಪ್ರೊಪೇನ್ ದ್ರವ ಕುದಿಯುವುದೇ ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಚರ್ಮಕ್ಕೆ ತಾಗಿದರೆ ಸುಟ್ಟ ಗಾಯದಂತೆಯೇ ಆಗುತ್ತದೆ. ಅದರ ಮೇಲೆ ಆ ದ್ರವದ ಒಂದು ಲೀಟರ್ ಆವಿಯಾದರೆ ಸುಮಾರು 270 ಲೀಟರ್ ಗ್ಯಾಸ್ ಆಗುತ್ತದೆ.

ಆಮೇಲೆ ದೂರ ಹೋಗಿ. ಎತ್ತ ಹೋಗಬೇಕು ಅನ್ನುವುದೂ ಮುಖ್ಯ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಮೇಲೆ ಹಾರಿ ಹೋಗುವುದಿಲ್ಲ, ನೆಲ ಹಿಡಿದು ತಗ್ಗಿನ ಕಡೆಗೆ ಹರಿದು ಹಳ್ಳದಲ್ಲಿ, ಚರಂಡಿಯಲ್ಲಿ ನಿಲ್ಲುತ್ತದೆ. ಪಕ್ಕದವರು ಕ್ಯಾಂಪ್‌ಫೈರ್ ಹಾಕಿ ಕೂತಿದ್ದರೆ ಅಲ್ಲಿಗೂ ಹೋಗಬಹುದು. ಆದ್ದರಿಂದ ಗಾಳಿ ಬೀಸಿ ಬರುವ ಕಡೆಗೆ, ಸ್ವಲ್ಪ ಎತ್ತರದ ಜಾಗಕ್ಕೆ, ನೂರು ಮೀಟರ್ ಆದರೂ ನಡೆಯಿರಿ. ಪಕ್ಕದ ಗಾಡಿಯವರಿಗೂ ಹೇಳಿ, ನಾಚಿಕೆ ಬೇಡ. ಅಲ್ಲಿಂದ ಅಮೆರಿಕದ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಉದ್ಯಾನಗಳ ಎಷ್ಟೋ ಕ್ಯಾಂಪ್‌ಗಳಲ್ಲಿ ಮೊಬೈಲ್ ಸಿಗ್ನಲ್ಲೇ ಇರುವುದಿಲ್ಲ. ಅಂಥ ಕಡೆ ಒಬ್ಬರನ್ನು ಕ್ಯಾಂಪ್ ನೋಡಿಕೊಳ್ಳುವವರ ಹತ್ತಿರವೋ ರೇಂಜರ್ ಹತ್ತಿರವೋ ಓಡಿಸಿ. ಟ್ಯಾಂಕಿನ ಬಳಿಯೇ ಬೆಂಕಿ ಹೊತ್ತಿದ್ದರೆ ನೂರು ಮೀಟರ್ ಸಾಲದು, ನಿಲ್ಲದೆ ಹೋಗುತ್ತಿರಿ. ಕೈಯಲ್ಲಿ ಅಗ್ನಿಶಾಮಕ ಡಬ್ಬಿ ಇದೆ ಅಂತ ಧೈರ್ಯ ತೋರಿಸಲು ಹೋಗಬೇಡಿ. ಗ್ಯಾಸ್ ನಿಲ್ಲದೆ ಉರಿ ಮಾತ್ರ ಆರಿದರೆ ಉಳಿದ ಗ್ಯಾಸ್ ಸುತ್ತ ತುಂಬಿಕೊಂಡು ಮತ್ತೆ ಒಂದೇ ಸಲಕ್ಕೆ ಹತ್ತುತ್ತದೆ.

ಸೋರುವುದು ಎಲ್ಲಿಂದ?

ಟ್ಯಾಂಕ್ ಸೋರುತ್ತಿದೆ ಅನ್ನುತ್ತೇವೆ, ಆದರೆ ಆ ದಪ್ಪ ಉಕ್ಕು ತೂತು ಬೀಳುವುದು ಬಹಳ ಅಪರೂಪ. ಸೋರುವುದು ಅದಕ್ಕೆ ಅಂಟಿಕೊಂಡಿರುವ ಸಣ್ಣಪುಟ್ಟ ಜಾಗಗಳಲ್ಲಿ.

ನೀವು ಈಗಷ್ಟೇ ಗ್ಯಾಸ್ ತುಂಬಿಸಿಕೊಂಡು ಬಂದಿದ್ದರೆ ನನ್ನ ಮೊದಲ ಅನುಮಾನ ಬ್ಲೀಡರ್ ಸ್ಕ್ರೂ ಮೇಲೆ. ಟ್ಯಾಂಕನ್ನು ಶೇ 80ರಷ್ಟು ಮಾತ್ರ ತುಂಬಬೇಕು, ಉಳಿದದ್ದು ದ್ರವ ಬಿಸಿಗೆ ಹಿಗ್ಗಲು ಬಿಡುವ ಜಾಗ. ಆ ಮಟ್ಟ ತಿಳಿಯಲು ತುಂಬುವವರು ಒಂದು ಪುಟ್ಟ ಸ್ಕ್ರೂ ಸಡಿಲ ಮಾಡುತ್ತಾರೆ, ಅಲ್ಲಿಂದ ಬಿಳಿ ಮಂಜು ಚಿಮ್ಮಿದರೆ 80 ಆಯಿತು ಅಂತ ಲೆಕ್ಕ. ಕೆಲಸ ಮುಗಿದ ಮೇಲೆ ಅದನ್ನು ಸರಿಯಾಗಿ ಬಿಗಿ ಮಾಡದೆ ಕಳಿಸಿದರೆ ದಾರಿಯುದ್ದಕ್ಕೂ ಸಣ್ಣಗೆ ಸೋರುತ್ತಲೇ ಇರುತ್ತದೆ. ತುಂಬಿಸುವಾಗ ಪಕ್ಕದಲ್ಲೇ ನಿಂತು ‘ಸ್ಕ್ರೂ ಬಿಗಿ ಮಾಡಿದಿರಾ’ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಮಟ್ಟ ಮೀರಿ ತುಂಬಿದ್ದರೆ ಇನ್ನೊಂದು ತರಲೆ. ಬೆಳಿಗ್ಗೆ ತಂಪಿನಲ್ಲಿ ತುಂಬಿಸಿ ಮಧ್ಯಾಹ್ನ ಅರಿಜೋನಾದ ಬಿಸಿಲಿನಲ್ಲಿ ಗಾಡಿ ನಿಲ್ಲಿಸಿದರೆ ಒಳಗಿನ ದ್ರವ ಹಿಗ್ಗಿ, ಒತ್ತಡ ಏರಿ, ಸೇಫ್ಟಿ ರಿಲೀಫ್ ವಾಲ್ವ್ ಬುಸ್ ಅಂತ ತೆರೆದುಕೊಳ್ಳುತ್ತದೆ. ಅದು ಕೆಟ್ಟಿದ್ದಲ್ಲ, ಟ್ಯಾಂಕ್ ಸಿಡಿಯದಂತೆ ತನ್ನ ಕೆಲಸ ಮಾಡುತ್ತಿದೆ. ಅದನ್ನು ಮುಚ್ಚಲು, ಬಡಿಯಲು ಹೋಗಬೇಡಿ. ದೂರ ನಿಂತು ಅಗ್ನಿಶಾಮಕದವರನ್ನು ಕರೆಯಿರಿ, ನೀರು ಹಾಕಿ ತಣ್ಣಗೆ ಮಾಡುವುದು ಅವರ ಕೆಲಸ.

ಮೂರನೆಯದು ರೆಗ್ಯುಲೇಟರ್. ಸುಮಾರು 21 ಡಿಗ್ರಿ ಸೆಲ್ಸಿಯಸ್ ಇರುವ ದಿನ ಟ್ಯಾಂಕಿನೊಳಗೆ 110 ಪಿಎಸ್‌ಐ ಆಸುಪಾಸಿನ ಒತ್ತಡ ಇರುತ್ತದೆ, ಒಲೆಗೆ ಬೇಕಾಗಿರುವುದು ಅರ್ಧ ಪಿಎಸ್‌ಐಗೂ ಕಡಿಮೆ. ಅಷ್ಟನ್ನೂ ಇಳಿಸುವುದು ರೆಗ್ಯುಲೇಟರ್ ಒಳಗಿನ ಒಂದು ರಬ್ಬರ್ ಪೊರೆ. ಅದು ಹರಿದರೆ ಪಕ್ಕದ ಗಾಳಿ ತೂತಿನಿಂದ ಗ್ಯಾಸ್ ಬರುತ್ತದೆ. ಇದಕ್ಕೆ ರಿಪೇರಿ ಅಂತ ಇಲ್ಲ, ಹೊಸದನ್ನೇ ಹಾಕಬೇಕು. ಇನ್ನು ರಬ್ಬರ್ ಪೈಪಿನ ಬಿರುಕು, ಹಿತ್ತಾಳೆ ಜಾಯಿಂಟುಗಳು, ಒಲೆಯ ಹಿಂದಿನ ಕನೆಕ್ಷನ್ ಎಲ್ಲ ಇದ್ದೇ ಇವೆ. ಗಾಡಿ ದಿನವಿಡೀ ಅಲುಗಾಡುತ್ತದೆ, ಜಾಯಿಂಟು ಸಡಿಲವಾಗದೆ ಇರುತ್ತದಾ?

ಸೋಪು ನೀರಿನ ಪರೀಕ್ಷೆ

ಇದು ತೀರಾ ಸಣ್ಣ ಸೋರಿಕೆಗೆ ಮಾತ್ರ. ವಾಲ್ವ್ ಮುಚ್ಚಿ, ಗಾಡಿಗೆ ಚೆನ್ನಾಗಿ ಗಾಳಿಯಾಡಿ, ವಾಸನೆ ಪೂರ್ತಿ ಹೋದ ಮೇಲೆ, ಹಗಲು ಬೆಳಕಿನಲ್ಲಿ. ಬಾಡಿಗೆ ಗಾಡಿಯಾದರೆ ಇದೂ ಬೇಡ. ಅವರ ತುರ್ತು ನಂಬರಿಗೆ ಫೋನ್ ಮಾಡಿ, ಮೆಕ್ಯಾನಿಕ್ ಕಳಿಸುವುದು ಅವರ ತಲೆನೋವು.

ಸ್ವಂತ ಗಾಡಿ ಇರುವವರು ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ನೀರು ಬೆರೆಸಿ ಸ್ಪ್ರೇ ಬಾಟಲಿಗೆ ಹಾಕಿಕೊಳ್ಳಿ. ಅಮೋನಿಯ ಅಥವಾ ಕ್ಲೋರಿನ್ ಇರುವ ಕ್ಲೀನರ್ ಬೇಡ. ಅಮೋನಿಯ ತಾಗಿದ ಹಿತ್ತಾಳೆ ಬಿರುಕು ಬಿಡುತ್ತದೆ, ಆಗ ಇಲ್ಲದ ಸೋರಿಕೆಯನ್ನು ನಾವೇ ತಂದುಕೊಂಡಂತೆ. ಒಲೆ, ಫ್ರಿಜ್, ಹೀಟರ್, ಫರ್ನೇಸ್, ಜನರೇಟರ್ ಎಲ್ಲ ಆಫ್ ಇರಲಿ, ಒಳಗೆ ಯಾರೂ ಬೇಡ. ವಾಲ್ವನ್ನು ನಿಧಾನವಾಗಿ ತೆರೆಯಿರಿ. ಜೋರಾಗಿ ತೆರೆದರೆ ಪೈಪ್ ಹರಿದಿದೆ ಅಂದುಕೊಂಡು ಒಳಗಿನ ತಡೆ ವಾಲ್ವ್ ತಾನೇ ಮುಚ್ಚಿಕೊಳ್ಳಬಹುದು, ಆಮೇಲೆ ಒಲೆಗೆ ಗ್ಯಾಸೇ ಬರುವುದಿಲ್ಲ. ಮೊದಲು ಬ್ಲೀಡರ್ ಸ್ಕ್ರೂ, ಆಮೇಲೆ ವಾಲ್ವಿನ ಹಿಡಿಯ ಬುಡ, ರೆಗ್ಯುಲೇಟರ್‌ನ ಎರಡೂ ಕಡೆಯ ಜಾಯಿಂಟು, ಅಲ್ಲಿಂದ ಪೈಪಿನ ದಾರಿಯಲ್ಲಿ ಒಂದೊಂದೇ. ಗುಳ್ಳೆ ಎದ್ದು ಬೆಳೆಯುತ್ತಾ ಹೋದರೆ ಅಲ್ಲೇ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ನೋಡುವ ಹಳೆಯ ಜಾಣತನ ಖಂಡಿತಾ ಬೇಡ.

ಗುಳ್ಳೆ ಕಂಡ ಕೂಡಲೇ ವಾಲ್ವ್ ಮುಚ್ಚಿ, ಆ ಜಾಗಕ್ಕೊಂದು ಗುರುತು ಹಾಕಿ, ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಊರಲ್ಲಿ ಸ್ನಾನದ ಸೋಪು ಮೆತ್ತುತ್ತಿದ್ದರಲ್ಲ, ಎಂ-ಸೀಲ್ ಹಚ್ಚುತ್ತಿದ್ದರಲ್ಲ, ಅದೆಲ್ಲ ಇಲ್ಲಿ ನಿಲ್ಲುವುದಿಲ್ಲ. ಊರಲ್ಲೂ ಅದು ಸರಿಯಾದ ಕೆಲಸವೇನೂ ಆಗಿರಲಿಲ್ಲ. ಸ್ಪ್ಯಾನರ್ ಹಿಡಿದು ಜೋರಾಗಿ ಬಿಗಿ ಮಾಡಿದರೆ ಹಿತ್ತಾಳೆ ಜಾಯಿಂಟಿನ ಥ್ರೆಡ್ (ತಿರುಪಿನ ಗೆರೆ) ಹಾಳಾಗುತ್ತದೆ. ವಾಲ್ವ್ ಮುಚ್ಚಿದ ಮೇಲೆ ಸೋರುವುದು ನಿಂತರೆ, ಮುಚ್ಚಿದ ಸ್ಥಿತಿಯಲ್ಲೇ ಆರ್‌ವಿ ಮೆಕ್ಯಾನಿಕ್ ಹತ್ತಿರವೋ ಪ್ರೊಪೇನ್ ಡೀಲರ್ ಹತ್ತಿರವೋ ಗಾಡಿ ಓಡಿಸಿಕೊಂಡು ಹೋಗಬಹುದು. ಮುಚ್ಚಿದರೂ ನಿಲ್ಲದಿದ್ದರೆ ಸೋರಿಕೆ ಟ್ಯಾಂಕಿನ ಕಡೆಯೇ ಇದೆ, ಗಾಡಿ ಕದಲಿಸಬೇಡಿ, ದೂರ ಹೋಗಿ 911ಕ್ಕೆ ಕರೆ ಮಾಡಿ. ರಿಪೇರಿ ಆದ ಮೇಲೆ ಮ್ಯಾನೋಮೀಟರ್ ಹಾಕಿ ಒತ್ತಡ ಇಳಿಯುತ್ತದಾ ಅಂತ ಪರೀಕ್ಷೆ ಮಾಡಿಕೊಡಿ ಅಂತ ಕೇಳಿ.

ಅಲಾರಂ ಹೊಡೆದು ವಾಸನೆ ಬರದಿದ್ದರೆ?

ಆಗಲೂ ಮೊದಲು ಹೊರಗೆ ಬನ್ನಿ. ಗ್ಯಾಸ್ ಅಲಾರಂ ನೆಲದ ಹತ್ತಿರ ಇರುತ್ತದೆ, ಗ್ಯಾಸ್ ಕೆಳಗೇ ಇರುವುದರಿಂದ ನಮ್ಮ ಮೂಗಿಗಿಂತ ಮೊದಲು ಅದಕ್ಕೆ ಗೊತ್ತಾಗಬಹುದು. ವಯಸ್ಸಾದವರಿಗೆ, ನೆಗಡಿ ಆದವರಿಗೆ ವಾಸನೆ ಸರಿಯಾಗಿ ತಿಳಿಯುವುದೂ ಇಲ್ಲ. ಬ್ಯಾಟರಿ ಇಳಿದಾಗ, ಹೇರ್‌ಸ್ಪ್ರೇ ಹೊಡೆದಾಗ ಸುಮ್ನೆ ಕೂಗುವುದೂ ಉಂಟು, ನಿಜ. ಆದರೆ ಅದನ್ನು ಹೊರಗೆ ನಿಂತು, ವಾಲ್ವ್ ಮುಚ್ಚಿದ ಮೇಲೆ ತೀರ್ಮಾನ ಮಾಡಿ. ಕಿರಿಕಿರಿ ಅಂತ ವೈರ್ ಕಿತ್ತಿಟ್ಟ ಗಾಡಿಗಳೂ ಇವೆ, ಬಾಡಿಗೆಗೆ ತೆಗೆದುಕೊಳ್ಳುವಾಗಲೇ ಟೆಸ್ಟ್ ಬಟನ್ ಒತ್ತಿ ನೋಡಿ. ಈ ಅಲಾರಂ ಆಯಸ್ಸು ಐದರಿಂದ ಏಳು ವರ್ಷ ಅಷ್ಟೇ. ತಾರೀಖು ಅದರ ಮೇಲೆಯೇ ಬರೆದಿರುತ್ತದೆ, ಅವಧಿ ಮುಗಿದಿದ್ದರೆ ಬದಲಾಯಿಸಿ ಕೊಡಿ ಅಂತ ಗಾಡಿಯ ಕೀ ತೆಗೆದುಕೊಳ್ಳುವ ಮೊದಲೇ ಹೇಳಿ.