ಸ್ಟಾರ್ ಟ್ರೆಕ್‌ನಲ್ಲಿ ಹಿಂದೆ ನಿಂತವರು: ನನ್ನ ಪಟ್ಟಿ ತಯಾರಾದ ಬಗೆ

ಅಮೆರಿಕದ ಬಾಹ್ಯಾಕಾಶ ಟಿವಿ ಸರಣಿ ಸ್ಟಾರ್ ಟ್ರೆಕ್ ಬಗ್ಗೆ ಒಂದು ಪೂರ್ತಿ ಕ್ವಿಜ್. ಅದರಲ್ಲಿ ಕರ್ಕ್, ಸ್ಪಾಕ್, ಪಿಕಾರ್ಡ್ ಥರದ ಮುಖ್ಯ ಪಾತ್ರಗಳ ಬಗ್ಗೆ ಒಂದು ಪ್ರಶ್ನೆಯೂ ಇರಬಾರದು. ಬರೀ ಹಿಂದೆ ನಿಂತವರು, ಮೂಲೆಯಲ್ಲಿ ಕೂತವರು. ಹೀಗೆ ಮಾಡ್ತೀನಿ ಅಂದಾಗ ಬೆಂಗಳೂರಿನ ನಮ್ಮ ಕ್ವಿಜ್ ಗೆಳೆಯರು ನಂಬಲಿಲ್ಲ. "ಮೂರು ಪ್ರಶ್ನೆ ಆಗುತ್ತೆ, ಆಮೇಲೆ ಸರಕು ಮುಗೀತು" ಅಂದರು. ಈಗ ನನ್ನ ಪಟ್ಟಿಯಲ್ಲಿ ಹೆಚ್ಚುಕಡಿಮೆ 400 ಜನ ಇದ್ದಾರೆ. ಕ್ವಿಜ್ ನಡೆದ ದಿನ ಅದೇ ಗೆಳೆಯರು ಮುಗಿದ ಮೇಲೂ ಎದ್ದು ಹೋಗದೆ ಉತ್ತರಗಳ ಬಗ್ಗೆ ಜಗಳ ಆಡುತ್ತಿದ್ದರು.

ಶುರು ಮಾಡಿದ್ದು ಎಲ್ಲರಂತೆ ಕ್ರೆಡಿಟ್ಸ್‌ನಿಂದ. ಅದು ದಂಡ. 1966ರಿಂದ 1969ರವರೆಗಿನ ಮೊದಲ ಸರಣಿಯ 79 ಕಂತುಗಳಲ್ಲಿ ಬಾಯಿಬಿಟ್ಟು ಮಾತಾಡದವರ ಹೆಸರು ಸಾಮಾನ್ಯವಾಗಿ ಕೊನೆಯಲ್ಲಿ ಬರುವುದೇ ಇಲ್ಲ.

ಆಮೇಲೆ ಮುಖ ಗುರುತಿಸುವ ಸಾಫ್ಟ್‌ವೇರ್. ತಿಂಗಳಿಗೆ 2,000 ರೂಪಾಯಿಯಂತೆ ಐದಾರು ತಿಂಗಳು ಕಟ್ಟಿದೆ. ಆಮೇಲೆ ಬಂದ ನೆಕ್ಸ್ಟ್ ಜನರೇಷನ್ ಸರಣಿಯಲ್ಲಿ ಪರವಾಗಿಲ್ಲ ಅನ್ನುವಷ್ಟು ಕೆಲಸ ಮಾಡಿತು. ಅದರ ಮೂಲ ಫಿಲ್ಮನ್ನೇ ಮತ್ತೆ ಸ್ಕ್ಯಾನ್ ಮಾಡಿ 2012ರಿಂದ ಬ್ಲೂ-ರೇ ತಂದರಲ್ಲ, ಚಿತ್ರ ಸ್ವಚ್ಛವಾಗಿದೆ. ಅದರ ನಂತರದ ಡೀಪ್ ಸ್ಪೇಸ್ ನೈನ್, ವಾಯೇಜರ್ ಸರಣಿಗಳೆರಡಕ್ಕೂ ಆ ಭಾಗ್ಯ ಇಲ್ಲ. ಫಿಲ್ಮ್‌ನಲ್ಲಿ ಶೂಟ್ ಆದರೂ ಎಡಿಟಿಂಗ್ ಆದದ್ದು ವಿಡಿಯೋ ಟೇಪ್‌ನಲ್ಲಿ. ಹಿಂದಿನ ಸಾಲಿನ ಮುಖ ದೊಡ್ಡದು ಮಾಡಿದರೆ ನಾಲ್ಕು ಚುಕ್ಕಿ ಕಾಣುತ್ತೆ, ಅಷ್ಟೇ. ಬೋಲಿಯನ್, ಫೆರೆಂಗಿ ಥರದ ಅನ್ಯಗ್ರಹದವರ ಮೇಕಪ್ ಬಂದರಂತೂ ಸಾಫ್ಟ್‌ವೇರ್ ಕೈ ಎತ್ತಿಬಿಟ್ಟಿತು.

ಡಿಸ್ಕ್‌ಗಳ ಖರ್ಚೇ ದೊಡ್ಡದು. ಡಿವಿಡಿಗಳಿಗೆ ಪ್ರದೇಶವಾರು ಬೀಗ ಇರುತ್ತೆ, ಅದೇ ರೀಜನ್; ಅಮೆರಿಕದ್ದು 1, ನಮ್ಮದು 5. ಹಾಗಾಗಿ ಎಲ್ಲಾ ರೀಜನ್ ಓದುವ ಪ್ಲೇಯರ್ ಬೇಕಾಯಿತು. ಒಂದು ಪಾರ್ಸೆಲ್‌ಗೆ ಸುಂಕವೂ ಬಿತ್ತು. ಎಲ್ಲಾ ಸೇರಿ 45,000 ದಾಟಿರಬೇಕು. ಸ್ಟ್ರೀಮಿಂಗ್‌ನಲ್ಲೇ ನೋಡಬಹುದಿತ್ತಲ್ವಾ ಅಂತ ಕೇಳ್ತಾರೆ. ಒಂದೊಂದೇ ಫ್ರೇಮ್ ಹಿಂದೆ ಮುಂದೆ ಮಾಡಿ ನೋಡುವ ಕೆಲಸಕ್ಕೆ ಅದು ಸಾಲದು.

ಕೊನೆಗೆ ಕೈ ಹಿಡಿದ ದಾರಿಗೆ ಖರ್ಚೇ ಇಲ್ಲ. ಸೌಂಡ್ ಪೂರ್ತಿ ಬಂದ್. ಮುಖದ ಬದಲು ಕುರ್ಚಿ. ಸೌಂಡ್ ಇದ್ದರೆ ಕಣ್ಣು ತಾನಾಗಿ ಮಾತಾಡುವವರ ಕಡೆ ಹೋಗುತ್ತೆ. ಹಾಗಾಗಿ ಮ್ಯೂಟ್ ಮಾಡಿ, ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿ ಯಾವ ಸೀಟಲ್ಲಿ ಯಾರಿದ್ದಾರೆ ಅಂತ ಮಾತ್ರ ಬರೆದುಕೊಂಡೆ. ಮೊದಲ ಸರಣಿಯ ಕಂತುಗಳನ್ನು ಪ್ರಸಾರವಾದ ಕ್ರಮ ಬಿಟ್ಟು ಶೂಟಿಂಗ್ ಆದ ಕ್ರಮದಲ್ಲಿ ನೋಡಿದೆ. ಮೊದಲು ಪ್ರಸಾರವಾದದ್ದು 'ದಿ ಮ್ಯಾನ್ ಟ್ರ್ಯಾಪ್', ಆದರೆ ಅದಕ್ಕೂ ಮೊದಲೇ 'ದಿ ಕಾರ್ಬೊಮೈಟ್ ಮೆನೂವರ್' ಚಿತ್ರೀಕರಣ ಆಗಿತ್ತು. ಶೂಟಿಂಗ್ ಕ್ರಮದಲ್ಲಿ ಹೋದರೆ ಅದೇ ಜನ ವಾರ ವಾರ ಬರುವುದು ಎದ್ದು ಕಾಣುತ್ತೆ.

ಕಾರಣವೂ ಸಿಕ್ಕಿತು. ದೀಪ ಹೊಂದಿಸುವಾಗ ಹೀರೋ ಜಾಗದಲ್ಲಿ ನಿಲ್ಲುವ ಸ್ಟ್ಯಾಂಡ್-ಇನ್‌ಗಳು ಹೇಗೂ ಸೆಟ್‌ನಲ್ಲೇ ಇರುತ್ತಿದ್ದರು. ಅವರಿಗೇ ಯೂನಿಫಾರ್ಮ್ ಹಾಕಿ ಕೂರಿಸುತ್ತಿದ್ದರು. ಕರ್ಕ್ ಪಾತ್ರದ ವಿಲಿಯಂ ಶಾಟ್ನರ್‌ಗೆ ಎಡ್ಡಿ ಪಾಸ್ಕಿ, ಡಾಕ್ಟರ್ ಮೆಕಾಯ್ ಪಾತ್ರದ ಡಿಫಾರೆಸ್ಟ್ ಕೆಲ್ಲಿಗೆ ಬಿಲ್ ಬ್ಲ್ಯಾಕ್‌ಬರ್ನ್. ಪಾಸ್ಕಿಯೇ ಲೆಫ್ಟಿನೆಂಟ್ ಲೆಸ್ಲಿ, ಬ್ಲ್ಯಾಕ್‌ಬರ್ನ್ ಹ್ಯಾಡ್ಲಿ. ಈ ಇಬ್ಬರನ್ನು ಹಿಡಿದರೆ ಸಾಕು, ಉಳಿದವರು ಒಬ್ಬರ ಹಿಂದೆ ಒಬ್ಬರು ಬರ್ತಾರೆ.

ನನಗೆ ಲೆಸ್ಲಿ ಮೇಲೆ ಬೇರೆಯೇ ಪ್ರೀತಿ. 50ಕ್ಕಿಂತ ಜಾಸ್ತಿ ಕಂತುಗಳಲ್ಲಿ ಇದ್ದಾನೆ. 1967ರ 'ಅಬ್ಸೆಷನ್'ನಲ್ಲಿ ರಕ್ತ ಹೀರುವ ಮೋಡ ಅವನನ್ನು ಕೊಲ್ಲುತ್ತೆ. ಆಮೇಲಿನ ಕಂತುಗಳಲ್ಲಿ ಏನೂ ಆಗದವನಂತೆ ಡ್ಯೂಟಿಗೆ ಹಾಜರ್! ಇನ್ನೊಂದು ಕಂತಿನಲ್ಲಿ ಕರ್ಕ್ ಪ್ರೀತಿಸುವ ಎಡಿತ್ ಕೀಲರ್‌ಗೆ ಡಿಕ್ಕಿ ಹೊಡೆಯುವ ಲಾರಿಯನ್ನು ಓಡಿಸಿದ್ದೂ ಪಾಸ್ಕಿಯೇ. ಬ್ಲ್ಯಾಕ್‌ಬರ್ನ್ 'ಶೋರ್ ಲೀವ್'ನ ಬಿಳಿ ಮೊಲದ ವೇಷದೊಳಗೂ ಇದ್ದರು. ಈ ಮೂರು ಪ್ರಶ್ನೆ ಯಾವ ಗುಂಪಿಗೆ ಕೇಳಿದರೂ ಗದ್ದಲ ಗ್ಯಾರಂಟಿ.

ಒಂದೇ ಥರ ಕಾಣುವ ಇಬ್ಬರನ್ನು ಕಾರಿಡಾರ್ ದೃಶ್ಯಗಳಲ್ಲಿ ಬೇರೆ ಮಾಡಲು ನನ್ನ ಹತ್ತಿರ ಒಂದು ಗುಟ್ಟಿದೆ. ಮುಂದಿನ ಕ್ವಿಜ್ ಮುಗಿಯುವವರೆಗೆ ಅದನ್ನು ಹೇಳುವುದಿಲ್ಲ. ಕಾಲರ್ ನೋಡಿ ಅಂತ ಮಾತ್ರ ಹೇಳ್ತೀನಿ.

ಮಧ್ಯೆ ಸುಮ್ನೆ ಮಾರ್ನ್ ಹಿಂದೆ ಬಿದ್ದು ಒಂದು ಮಳೆಗಾಲ ಕಳೆದೆ. ಡೀಪ್ ಸ್ಪೇಸ್ ನೈನ್‌ನಲ್ಲಿ ಕ್ವಾರ್ಕ್ ಅನ್ನುವವನ ಬಾರಿನಲ್ಲಿ ಸದಾ ಕೂತಿರುತ್ತಾನಲ್ಲ, ಅವನೇ. ಇವನ ಬಾಯಿಗೆ ಬೀಗವೇ ಇಲ್ಲ ಅಂತ ಬೇರೆ ಪಾತ್ರಗಳು ಹೇಳ್ತಾವೆ, ಆದರೆ ತೆರೆಯ ಮೇಲೆ ಒಂದು ಮಾತೂ ಆಡಿಲ್ಲ. ಎಷ್ಟು ದೃಶ್ಯದಲ್ಲಿ ಲೋಟ ಎತ್ತಿದ ಅಂತ ಎಣಿಸಲು ಹೊರಟೆ, 90ರ ಆಸುಪಾಸಿಗೆ ಕೈಬಿಟ್ಟೆ. ಆ ಎಣಿಕೆಯಲ್ಲೇ ಒಂದು ಒಳ್ಳೇ ಪ್ರಶ್ನೆ ಹುಟ್ಟಿತು. 1998ರ 'ಹೂ ಮೌರ್ನ್ಸ್ ಫಾರ್ ಮಾರ್ನ್'ನಲ್ಲಿ ಅವನ ಖಾಲಿ ಸೀಟಿನಲ್ಲಿ ಬಜೋರನ್ ಅನ್ನುವ ಅನ್ಯಗ್ರಹದ ಜನಾಂಗದ ಒಬ್ಬ ಬಂದು ಕೂರುತ್ತಾನೆ. ಮೇಕಪ್ ತೆಗೆದ ಮಾರ್ನ್ ನಟ ಮಾರ್ಕ್ ಆಲನ್ ಶೆಫರ್ಡ್ ಅವರೇ ಅದು.

ಬೆಂಗಳೂರಿನವರಿಗೆ ಅಂತಲೇ ಒಂದು ರೌಂಡ್ ಇಟ್ಟಿದ್ದೆ. 1969ರ 'ದಟ್ ವಿಚ್ ಸರ್ವೈವ್ಸ್'ನಲ್ಲಿ ಹಡಗು ನಡೆಸುವ ಸುಲು ಕೆಳಗೆ ಗ್ರಹದಲ್ಲಿದ್ದಾಗ ಅವನ ಬದಲು ಹಡಗು ನಡೆಸುವವಳು ಲೆಫ್ಟಿನೆಂಟ್ ರಾಧಾ. ನಟಿ ನೇವೋಮಿ ಪೊಲಾಕ್. 1987ರ 'ಲೋನ್ಲಿ ಅಮಂಗ್ ಅಸ್'ನಲ್ಲಿ ಸಾಯುವ ಎಂಜಿನಿಯರ್ ಸಿಂಗ್ ಪಾತ್ರದಲ್ಲಿ ಕವಿ ರಾಜ್. ಡಜನ್‌ಗಟ್ಟಲೆ ಜನ ಇದ್ದ ಆ ರೂಮಿನಲ್ಲಿ ರಾಧಾ ಹೆಸರು ಹೇಳಿದ್ದು ಒಬ್ಬಳೇ ಹುಡುಗಿ.

ಈಗ ವಾಯೇಜರ್ ನಡೆಯುತ್ತಿದೆ, ಮತ್ತೆ ಮ್ಯೂಟ್‌ನಲ್ಲಿ. ಟಾರಿಕ್ ಎರ್ಗಿನ್ ಮಾಡಿದ ಅಯಾಲಾ 1995ರ ಮೊದಲ ಕಂತಿನಲ್ಲೂ ಇದ್ದಾನೆ, 2001ರ ಕೊನೆಯದರಲ್ಲೂ ಇದ್ದಾನೆ. ಅವನ ಮಾತುಗಳು ಬೆರಳೆಣಿಕೆಯಷ್ಟು. ಮೂರನೇ ಸೀಸನ್‌ವರೆಗೆ ಅವನು ನಿಂತ ಜಾಗಗಳೆಲ್ಲ ಸ್ಪ್ರೆಡ್‌ಶೀಟ್‌ಗೆ ಏರಿವೆ. ಉಳಿದ ನಾಲ್ಕು ಸೀಸನ್ ದೀಪಾವಳಿ ಹೊತ್ತಿಗೆ ಮುಗಿಸಬೇಕು.