ಟೈಮ್‌ಟೇಬಲ್ ಹಾಕಿದ್ದಷ್ಟೇ ಅಲ್ಲ, ಓದೂ ಆಗ್ಬೇಕಾ? ಹೀಗೆ ಬರೀರಿ

ಧಾರವಾಡದ ಸಪ್ತಾಪುರ ಇರ್ಲಿ, ಬೆಂಗಳೂರಿನ ವಿಜಯನಗರ ಇರ್ಲಿ, ಕೆಎಎಸ್‌ಗೆ (ರಾಜ್ಯ ಸರ್ಕಾರದ ಅಧಿಕಾರಿ ಹುದ್ದೆಗಳ ಪರೀಕ್ಷೆ) ಓದೋರ ರೂಮಿಗೆ ಹೋದ್ರೆ ಗೋಡೆ ಮೇಲೆ ಟೈಮ್‌ಟೇಬಲ್ ಕಾಣುತ್ತೆ. ನಾಲ್ಕು ಬಣ್ಣದ ಸ್ಕೆಚ್ ಪೆನ್, ಬೆಳಗ್ಗೆ 5ಕ್ಕೆ ಏಳೋದು, 8ರವರೆಗೂ ಇತಿಹಾಸ, ಆಮೇಲೆ ಭೂಗೋಳ. ಎರಡು ವಾರ ಕಳೆದ್ರೆ ಅದರ ಕಡೆ ಯಾರೂ ತಿರುಗಿ ನೋಡಲ್ಲ. ಆಮೇಲೆ ‘ನಂಗೆ ಶಿಸ್ತೇ ಇಲ್ಲ’ ಅಂತ ತಮ್ಮನ್ನ ತಾವೇ ಬೈಕೊಳ್ತಾರೆ, ಅದು ನೋಡೋಕೆ ಬೇಜಾರಾಗುತ್ತೆ, ಯಾಕಂದ್ರೆ ಎಡವಟ್ಟು ಆಗಿರೋದು ಬರೆದಿರೋ ರೀತೀಲಿ. ಕೆಲಸಕ್ಕೆ ಹೋಗ್ತಾ ಓದೋರಂತೂ ಇದನ್ನ ಸರಿ ಮಾಡ್ಕೊಳ್ಳಲೇಬೇಕು.

ಹೆಜ್ಜೆ 1: ಸಾಮಾನು

ದೊಡ್ಡ ಚೌಕ ಇರೋ ಗೋಡೆ ಕ್ಯಾಲೆಂಡರ್, 200 ಪೇಜಿನ ನೋಟ್‌ಬುಕ್, ಫೋನಿನ ಅಲಾರಾಂ. ಇಷ್ಟೇ. ಬ್ಯಾಂಕಲ್ಲಿ ಫ್ರೀ ಕೊಡೋ ತಾರೀಕು ಹಾಕಿದ ಡೈರಿ ಬೇಡ, ನಾಲ್ಕು ದಿನ ಜ್ವರ ಬಂದು ಮಲಗಿದ್ರೆ ನಾಲ್ಕು ಖಾಲಿ ಹಾಳೆ ಕಣ್ಣಿಗೆ ಚುಚ್ಚುತ್ತೆ. ಪೇಜಿಗೊಂದು ಸುಭಾಷಿತ, ಮೂಡ್ ಗುರುತು ಹಾಕೋಕೆ ಗೊಂಬೆ ಮುಖ ಇರೋ ದುಬಾರಿ ಗೋಲ್ ಪ್ಲಾನರ್ ತಗೊಂಡ್ರೆ ದುಡ್ಡು ದಂಡ. ನೋಷನ್, ಟ್ರೆಲೋ ಒಳ್ಳೇ ಆ್ಯಪ್‌ಗಳೇ, ಆಫೀಸಲ್ಲಿ ನಾಲ್ಕು ಜನ ಸೇರಿ ಮಾಡೋ ಕೆಲಸಕ್ಕೆ ಸರಿ. ಒಬ್ರೇ ಕೂತು ಓದೋಕೆ ಅದನ್ನ ಹಿಡಿದ್ರೆ ಭಾನುವಾರ ಪೂರ್ತಿ ಟೆಂಪ್ಲೇಟ್ ಸಿಂಗಾರ ಮಾಡೋದ್ರಲ್ಲೇ ಹೋಗುತ್ತೆ. ಟೆಲಿಗ್ರಾಂನಲ್ಲಿ ಓಡಾಡೋ ಟಾಪರ್ ಟೈಮ್‌ಟೇಬಲ್ ಪಿಡಿಎಫ್‌ನೂ ಇಳಿಸ್ಕೋಬೇಡಿ, ಅವರ ದಿನಚರಿ ಬೇರೆ, ನಿಮ್ಮದು ಬೇರೆ.

ಹೆಜ್ಜೆ 2: ಪರೀಕ್ಷೆ ದಿನದಿಂದ ಹಿಂದಕ್ಕೆ ಎಣಿಸಿ

ಕ್ಯಾಲೆಂಡರಲ್ಲಿ ಮೊದಲು ಪರೀಕ್ಷೆ ದಿನ, ಆಮೇಲೆ ಓದೋಕಾಗದ ದಿನಗಳು: ಗೌರಿ-ಗಣೇಶ, ದಸರಾ, ಮನೆ ಮದುವೆ, ಆಫೀಸಲ್ಲಿ ತಿಂಗಳ ಕೊನೆ ಕೆಲಸ. ಅವನ್ನೆಲ್ಲ ಹೊಡೆದು ಹಾಕಿ, ಉಳಿದ ದಿನಗಳಲ್ಲಿ ಸಿಲಬಸ್ ಹಂಚಿ. ಒಂದು ವಿಷಯಕ್ಕೆ ಎರಡು ವಾರ ಸಾಕು ಅನ್ನಿಸಿದ್ರೆ ಮೂರು ವಾರ ಇಡಿ. ನಮ್ಮ ಕೆಲಸಕ್ಕೆ ಹಿಡಿಯೋ ಟೈಮನ್ನ ನಾವೇ ಕಮ್ಮಿ ಅಂದಾಜು ಮಾಡ್ತೀವಿ ಅಂತ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್, ಅಮೋಸ್ ಟ್ವರ್ಸ್ಕಿ 1979ರಲ್ಲೇ ಬರೆದಿದ್ದಾರೆ, ಹಿಂದೆ ಎಷ್ಟೇ ಸಲ ತಡ ಆಗಿದ್ರೂ ಮುಂದಿನ ಸಲ ಬೇಗ ಮುಗಿಯುತ್ತೆ ಅಂತಾನೇ ಅನ್ಸುತ್ತೆ.

ಹೆಜ್ಜೆ 3: ಸಾಲು ಬರೆಯೋದು

ಜನ ಎಡವೋದೇ ಇಲ್ಲಿ. ನೋಟ್‌ಬುಕ್ಕಲ್ಲಿ ‘ಸಂವಿಧಾನ ಓದೋದು’ ಅಂತ ಬರೀತಾರೆ. ರಾತ್ರಿ ಸುಸ್ತಾಗಿ ಮನೆಗೆ ಬಂದು ಆ ಸಾಲು ನೋಡಿದ್ರೆ ಯಾವ ಪುಸ್ತಕ, ಎಲ್ಲಿಂದ ಶುರು, ಎಷ್ಟು ಪೇಜು ಅಂತ ಮತ್ತೆ ತಲೆ ಕೆಡಿಸ್ಕೋಬೇಕು, ಅಷ್ಟೊತ್ತಿಗೆ ಕೈ ಫೋನಿಗೆ ಹೋಗಿರುತ್ತೆ. ಅದಕ್ಕೇ ಆ ಯೋಚನೆಯೆಲ್ಲ ಬರೆಯುವಾಗ್ಲೇ ಮುಗಿಸಿಬಿಡಿ.

ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳನ್ನೇ ತಗೊಳ್ಳಿ. ಅದು 3ನೇ ಭಾಗ, 12ರಿಂದ 35ನೇ ವಿಧಿವರೆಗೆ. ಒಂದು ರಾತ್ರಿಗೆ ಅದೂ ಜಾಸ್ತಿನೇ. 14ರಿಂದ 18 ಸಮಾನತೆ, 19ರಿಂದ 22 ಸ್ವಾತಂತ್ರ್ಯ, 23-24 ಶೋಷಣೆ ವಿರುದ್ಧದ ಹಕ್ಕು, ಹೀಗೆ ಒಡೀರಿ. ಆಮೇಲೆ ಬರೀರಿ: ‘ಸೋಮವಾರ ರಾತ್ರಿ ಊಟದ ತಟ್ಟೆ ತೊಳೆದಿಟ್ಟ ತಕ್ಷಣ, ಕಿಟಕಿ ಪಕ್ಕದ ಟೇಬಲ್ಲಲ್ಲಿ ಕೂತು, 14ರಿಂದ 18ನೇ ವಿಧಿ ಓದಿ, ಪುಸ್ತಕ ಮುಚ್ಚಿ, ಐದನ್ನೂ ನೆನಪಿಂದ ಬರೆಯೋದು.’ ಯಾವಾಗ, ಎಲ್ಲಿ, ಏನು, ಮುಗೀತು ಅಂತ ಗೊತ್ತಾಗೋದು ಹೇಗೆ, ನಾಲ್ಕೂ ಇದರಲ್ಲಿದೆ. ಕೊನೇದನ್ನ ಬಿಟ್ರೆ ಪೇಜು ತಿರುವಿದ್ದೇ ಓದು ಅನ್ನಿಸ್ಬಿಡುತ್ತೆ.

‘ರಾತ್ರಿ 9ಕ್ಕೆ’ ಅಂತ ಬರೀಬೇಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಬಸ್ಸು ತಡ ಆದ್ರೆ 9 ಗಂಟೆ ದಾರೀಲೇ ಕಳೆದುಹೋಗುತ್ತೆ, ಆದ್ರೆ ಊಟ ಎಷ್ಟೊತ್ತಾದ್ರೂ ಮಾಡೇ ಮಾಡ್ತೀರಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಲ್ಲಿ ಇದರ ಬಗ್ಗೆನೇ ಅಧ್ಯಯನ ಮಾಡಿದ್ರು, ‘ಇದಾದ ತಕ್ಷಣ ಅದು ಮಾಡ್ತೀನಿ’ ಅಂತ ಮೊದ್ಲೇ ಗಂಟು ಹಾಕ್ಕೊಂಡೋರು ಬರೀ ‘ಮಾಡ್ಬೇಕು’ ಅಂದ್ಕೊಂಡೋರಿಗಿಂತ ಹೆಚ್ಚು ಸಲ ಕೆಲಸ ಮುಗಿಸ್ತಾರೆ ಅನ್ನೋದು ಅವರಿಗೆ ಕಂಡುಬಂದಿದ್ದು.

ಕೆಳಗೆ ಇನ್ನೊಂದು ಸಾಲೂ ಇರ್ಲಿ: ‘ನೆಂಟರು ಬಂದ್ರೆ 14ನೇ ವಿಧಿ ಒಂದೇ.’ ಏನೂ ಮಾಡದೆ ಮಲಗೋದಕ್ಕಿಂತ ಅದು ವಾಸಿ. ದಿನಕ್ಕೆ ಇಂಥ ಮೂರು ಸಾಲು ದಾಟಬಾರದು, ಕೆಲಸಕ್ಕೆ ಹೋಗೋರಿಗೆ ಎರಡೇ ಸಾಕು, ಒಂದು ಓದೋದು, ಇನ್ನೊಂದು ಹತ್ತು ಮೆಂಟಲ್ ಎಬಿಲಿಟಿ (ತರ್ಕ, ಬುದ್ಧಿಶಕ್ತಿ ಅಳೆಯೋ) ಲೆಕ್ಕ. ಪ್ರಿಲಿಮ್ಸ್‌ನ (ಕೆಎಎಸ್‌ನ ಮೊದಲ ಹಂತದ ಪರೀಕ್ಷೆ) ಎರಡನೇ ಪೇಪರಲ್ಲಿ ಆ ಲೆಕ್ಕಗಳಿಗೆ ದಿನಾ ಕೈ ಆಡಿಸಿರೋರೇ ಟೈಮ್ ಉಳಿಸ್ಕೊಳ್ಳೋದು.

ಹೆಜ್ಜೆ 4: ಅಲಾರಾಂ

ಒಂದೇ ಒಂದು, ಭಾನುವಾರ ಸಂಜೆಗೆ.

ಹೆಜ್ಜೆ 5: ಭಾನುವಾರದ ಅರ್ಧ ಗಂಟೆ

ಆಗಿದ್ದಕ್ಕೆ ಟಿಕ್, ಆಗದೆ ಇದ್ದಿದ್ದಕ್ಕೆ ಬಾಣದ ಗುರುತು ಹಾಕಿ ಮುಂದಿನ ವಾರಕ್ಕೆ ಮತ್ತೆ ಕೈಯಲ್ಲೇ ಬರೀರಿ. ಒಂದೇ ಸಾಲನ್ನ ಮೂರನೇ ಸಲ ಬರೆಯೋ ಹಾಗಾದ್ರೆ ಅದು ಇನ್ನೂ ದೊಡ್ಡದಿದೆ ಅಂತ ಅರ್ಥ, ಒಡೀರಿ. ಪುಸ್ತಕ ಮುಚ್ಚಿ ಬರೆಯೋಕಾಗದೆ ಇದ್ದಿದ್ದು ಕೊನೇ ಪೇಜಿಗೆ ಹೋಗ್ಲಿ.

ಹೆಜ್ಜೆ 6: ಪರೀಕ್ಷೆ ದಿನ ಬದಲಾದ್ರೆ

ಇದಕ್ಕೆ ತಯಾರಿರ್ಬೇಕು. 2024ರ ಆಗಸ್ಟ್ 27ಕ್ಕೆ ನಡೆದ ಕೆಎಎಸ್ ಪ್ರಿಲಿಮ್ಸ್ ಕನ್ನಡ ಪ್ರಶ್ನೆಗಳ ಅನುವಾದದ ತಪ್ಪುಗಳಿಂದ ಡಿಸೆಂಬರ್ 29ಕ್ಕೆ ಮತ್ತೆ ನಡೀತು, ಬರೆದು ಬಂದೋರು ಮತ್ತೆ ನಾಲ್ಕು ತಿಂಗಳು ಓದ್ಬೇಕಾಯ್ತು. ಕಷ್ಟಪಟ್ಟು ಕನ್ನಡದಲ್ಲಿ ಓದಿದ ಮಕ್ಕಳಿಗೆ ಅದು ದೊಡ್ಡ ಅನ್ಯಾಯ. ಅಂಥ ಹೊತ್ತಲ್ಲಿ ಹೊಸ ನೋಟ್‌ಬುಕ್ ತಂದು ಮೊದಲ ಪೇಜಿಂದ ಶುರು ಮಾಡ್ಬೇಡಿ. ಹೊಸ ತಾರೀಕಿಂದ ಹಿಂದಕ್ಕೆ ಎಣಿಸಿ, ಕೊನೇ ಪೇಜಲ್ಲಿರೋ ಸಾಲುಗಳಿಗೆ ಮೊದಲು ದಿನ ಕೊಡಿ, ಉಳಿದ ವಾರಗಳಲ್ಲಿ ಹಳೇ ಪ್ರಶ್ನೆಪತ್ರಿಕೆ ಇಟ್ಕೊಂಡು ಎರಡು ಗಂಟೆ ಏಳದೆ ಕೂತು ಬಿಡಿಸಿ, ತಪ್ಪುತ್ತರಕ್ಕೆ ಅಂಕ ಕಳೆದು ನೀವೇ ಮೌಲ್ಯಮಾಪನ ಮಾಡಿ.